ತೂತು ಕೆಳಗಾದ ತೊಲೆ

ಟೈಲರಮ್ಮನ ಬಾಯಿಂದ ಒಂದು ಮಾತು ಎಂಟು ವರ್ಷದಿಂದ ಹೊರಬಿದ್ದಿಲ್ಲ. ಅಳತೆ ಕೊಡಲು ಬಂದ ಹೆಂಗಸರ ಮಕ್ಕಳು ಗುಂಡಿ ಡಬ್ಬಿ ಕೆಡವಲಿ, ದಾರದ ಉಂಡೆಯನ್ನು ಬೀದಿಯವರೆಗೆ ಉರುಳಿಸಲಿ, ಕತ್ತರಿಗೇ ಕೈಹಾಕಲಿ, ಅವಳು "ಕಿವಿ ಹಿಂಡ್ತೀನಿ ನೋಡು" ಅಂದಾಳು, "ನಿಮ್ಮಮ್ಮನ ಹತ್ರ ಹೇಳ್ತೀನಿ" ಅಂದಾಳು, "ಸುಮ್ನಿರು" ಅಂತ ಮಾತ್ರ ಅನ್ನಳು. ಆ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳುತ್ತಾಳೆ. ನೋಡಿದವರು ಹೆಂಗಸಿಗೆ ಎಂಥ ತಾಳ್ಮೆ ಎಂದುಕೊಳ್ಳುತ್ತಾರೆ. ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಆ ಮಾತನ್ನು ಅವಳು ಕೊನೆಯ ಸಲ ಆಡಿದ್ದು ಗಂಡನಿಗೆ, ಅವನು ಅದನ್ನು ಪಾಲಿಸಿದ್ದ.

ಅವಳ ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ನಿಮ್ಮನ್ನು ಸತಾಯಿಸಿ ನನಗೇನಾಗಬೇಕು? ಅವಳ ಗಂಡ ಬಡಗಿ. ಕೈ ಚಿನ್ನದಂಥದು, ಬಾಯಿ ಮಾತ್ರ ಸರಿಯಿಲ್ಲ ಎಂದು ಕೆಲಸ ಕೊಟ್ಟವರೆಲ್ಲ ಹೇಳುತ್ತಿದ್ದರು. ಅವನೇನು ಯಾರನ್ನೂ ಬೈದವನಲ್ಲ. ತಪ್ಪು ಕಂಡರೆ ಮುಖಕ್ಕೇ ಅಂದುಬಿಡುತ್ತಿದ್ದ, ಅಷ್ಟೇ. ಆ ವರ್ಷ ಪಟ್ಟಣದ ಗ್ರಂಥಾಲಯಕ್ಕೆ ಹೊಸ ಓದುಕೋಣೆ ಕಟ್ಟುವ ಕೆಲಸ ಸಿಕ್ಕಿತ್ತು. ಅದರ ನಕ್ಷೆ ಬರೆದವರನ್ನು ಎಲ್ಲರೂ ನಕ್ಷೆ ಸಾಹೇಬರು ಎನ್ನುತ್ತಿದ್ದರು. ಹೊಸ ಮರ ಕಡಿಯುವುದು ಬೇಡ, ಕೆಡವಿದ ಹಳೆಯ ಉಗ್ರಾಣದ ತೊಲೆಗಳನ್ನೇ ಬಳಸೋಣ ಎಂದಿದ್ದರು ಅವರು. ಒಳ್ಳೆಯ ಆಲೋಚನೆಯೇ, ಯಾರೂ ಬೇಡವೆನ್ನಲಿಲ್ಲ. ಆದರೆ ಹಳೆಯ ತೊಲೆ ಎಂದ ಮೇಲೆ ಮೈಯಲ್ಲಿ ಹಳೆಯ ತೂತುಗಳಿರುತ್ತವೆ. ಮೊದಲಿದ್ದ ಕಟ್ಟಡದಲ್ಲಿ ಬೇರೆ ಮರ ಸಿಕ್ಕಿಸಿದ್ದ ಚೌಕದ ಗುಳಿಗಳು. ಬಡಗಿಗಳು ಅಂಥ ತೂತನ್ನು ಆಕಾಶದ ಕಡೆ ಮಾಡಿ, ಬೆಣೆ ಬಡಿದು ಬಿಗಿಯಾಗಿ ತುಂಬಿ ಕೂರಿಸುತ್ತಾರೆ. ನಕ್ಷೆ ಸಾಹೇಬರಿಗೆ ಅದು ಹಿಡಿಸಲಿಲ್ಲ. ಓದುತ್ತ ಕೂತವರು ತಲೆಯೆತ್ತಿದರೆ ತೂತು ಕಾಣಬೇಕು, ಇದು ಮರುಬಳಕೆಯ ಮರ ಎಂದು ನೋಡಿದ ಕೂಡಲೇ ತಿಳಿಯಬೇಕು ಎಂಬುದು ಅವರ ಆಸೆ. ತೂತು ಕೆಳಗಿರಲಿ, ಬರಿದಾಗಿಯೇ ಇರಲಿ ಎಂದು ಬಾಯಲ್ಲೂ ಹೇಳಿದರು, ನಕ್ಷೆಯಲ್ಲೂ ಬರೆದರು.

ಒಂದು ಬೆಳಿಗ್ಗೆ ಬಡಗಿ ಚಹಾದ ಲೋಟ ಹಿಡಿದು ಹೆಂಡತಿಯ ಹೊಲಿಗೆ ಮೆಷಿನ್ನಿನ ಪಕ್ಕ ಬಂದು ನಿಂತ. ಅವಳ ಮುಂದೆ ಅಂದೇ ಕೊಡಬೇಕಾದ ಹನ್ನೊಂದು ಸಮವಸ್ತ್ರಗಳ ರಾಶಿ.

"ಆ ನಡುವಿನ ತೊಲೇನ ತಿರುಗಿಸ್ಬೇಕು ಕಣೇ. ತೂತು ಕೆಳಗೆ ಬರ್ಬಾರ್ದು. ಇವತ್ತು ಹೋಗಿ ಇನ್ನೊಂದ್ಸಲ ಹೇಳ್ತೀನಿ. ಕೇಳ್ಲಿಲ್ಲಾಂದ್ರೆ ಕೆಲಸ ಬಿಟ್ಟು ಬಂದ್ಬಿಡ್ತೀನಿ."

ಟೈಲರಮ್ಮ ಪೆಡಲು ನಿಲ್ಲಿಸಲಿಲ್ಲ. "ಶುರುವಾಯ್ತಾ ನಿಮ್ದು? ಹೋದ ವರ್ಷ ಹೀಗೇ ಎರಡು ಕಡೆ ಜಗಳ ಆಡ್ಕೊಂಡು ಬಂದ್ರಿ. ಊರ ಉಸಾಬರಿ ನಿಮಗ್ಯಾಕ್ರೀ? ಅವರು ಓದಿದೋರು, ನಕ್ಷೆ ಬರೆದೋರು. ಹೇಳಿದಷ್ಟು ಮಾಡಿ. ಈ ಸಲನಾದ್ರೂ ಸುಮ್ನಿರಿ."

ಅವನು ಲೋಟವನ್ನು ಮೆಷಿನ್ನಿನ ಎಡಬದಿಗೆ ಇಟ್ಟು, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಹೋದ. ಅಂದು ಏನೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಒಂಬತ್ತನೆಯ ದಿನ ಹೆಂಚು ಹೊದಿಸುತ್ತಿರುವಾಗ ನಡುವಿನ ತೊಲೆ ಮುರಿದು ಮಾಡು ಕೂತುಬಿಟ್ಟಿತು. ಅದರ ಕೆಳಗೆ ಬಡಗಿಯೂ ಅವನ ಜೊತೆ ಕೆಲಸದವನೂ ಇದ್ದರು. ಜೊತೆ ಕೆಲಸದವನೆಂದರೆ ಎದುರುಮನೆಯವನೇ, ಬಡಗಿಯ ಓರಗೆಯವನು, ಹದಿನಾರು ವರ್ಷ ಒಟ್ಟಿಗೆ ಗರಗಸ ಎಳೆದವನು. ಇಬ್ಬರೂ ಜೀವಂತ ಹೊರಗೆ ಬರಲಿಲ್ಲ.

ವಿಚಾರಣೆ ನಡೆಯಿತು. ಮುರಿದ ಮರವನ್ನೆಲ್ಲ ಆ ವಾರವೇ ಸಾಗಿಸಿಬಿಟ್ಟಿದ್ದರು, ನೋಡಲು ಏನೂ ಉಳಿದಿರಲಿಲ್ಲ. ನಕ್ಷೆ ಸಾಹೇಬರು ಬೇರೆ ದೇಶಕ್ಕೆ ಕೆಲಸಕ್ಕೆ ಹೋದರು. ವರದಿಯಲ್ಲಿ ಒಂದು ಸಾಲು ಬಂತು: ಬಡಗಿಯ ಕೆಲಸದಲ್ಲಿ ಲೋಪ. ಸತ್ತವನು ಎದ್ದು ಬಂದು ವಾದ ಮಾಡುತ್ತಾನೆಯೇ? ಎದುರುಮನೆಯವಳು ಬೀದಿ ಕಡೆಯ ಕಿಟಕಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ನಲ್ಲಿಯ ಹತ್ತಿರ ಟೈಲರಮ್ಮ ಬಂದರೆ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗುವಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಟೈಲರಮ್ಮನ ಸಂಕಟ ನೋಡಿ. ಗಂಡ ಹೇಳಿದ್ದು ಸರಿಯಾಗಿದ್ದರೆ, ತೂತಿನಿಂದಲೇ ತೊಲೆ ಮುರಿದಿದ್ದರೆ, ಅವನ ಕೈಯಲ್ಲಿ ತಪ್ಪಿರಲಿಲ್ಲ, ಅವನ ಹೆಸರಿಗೆ ಹತ್ತಿದ ಮಸಿ ಅಳಿಯುತ್ತದೆ. ಆದರೆ ಬಾಯಿ ಮುಚ್ಚಿಸಿ ಅವನನ್ನು ಆ ತೊಲೆಯ ಕೆಳಗೆ ಕಳಿಸಿದವಳು ಅವಳೇ ಎಂದಾಗುತ್ತದೆ. ತೂತಿಗೂ ಬಿದ್ದದ್ದಕ್ಕೂ ಸಂಬಂಧವಿಲ್ಲದಿದ್ದರೆ ಅವಳು ಪಾರು; ಆಗ ಊರು ಹೇಳಿದಂತೆ ತಪ್ಪು ಅವನದೇ, ಎದುರುಮನೆಯವಳ ಗಂಡನನ್ನು ಕೊಂದವನೂ ಅವನೇ. ಇದರಲ್ಲಿ ಯಾವುದು ನಿಜವಾಗಲಿ ಎಂದು ಬೇಡಿಕೊಳ್ಳುವುದು? ಎಂಟು ವರ್ಷ ಅವಳು ಏನನ್ನೂ ಬೇಡಿಕೊಳ್ಳಲಿಲ್ಲ, ಯಾರಿಗೂ ಬಾಯಿ ಬಿಡಲಿಲ್ಲ. ಒಂದೇ ಮನೆಯಲ್ಲಿದ್ದ ಅತ್ತೆಗೂ ಹೇಳಲಿಲ್ಲ.

ಗಂಡ ಮಾತ್ರ ಹೋಗಿರಲಿಲ್ಲ. ದೆವ್ವ ಗಿವ್ವ ಎಂದು ನಗಬೇಡಿ, ಅವಳೂ ಅದನ್ನೆಲ್ಲ ನಂಬುವವಳಲ್ಲ. ಬೆಳಗಿನ ಹತ್ತು ಗಂಟೆಗೆ, ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ, ಮೆಷಿನ್ನಿನ ಎಡಬದಿಗೆ ಅವನು ಬಂದು ನಿಂತದ್ದು ಅವಳಿಗೆ ತಿಳಿಯುತ್ತಿತ್ತು. ತಲೆಯೆತ್ತುತ್ತಿರಲಿಲ್ಲ. ಎತ್ತಿದರೆ ಯಾರೂ ಇರುವುದಿಲ್ಲವೆಂದು ಗೊತ್ತು, ಎತ್ತದಿದ್ದರೆ ಅವನು ಇರುತ್ತಾನೆ, ಏನೋ ಹೇಳಲು ಬಾಯಿ ತೆರೆದುಕೊಂಡು ಕಾಯುತ್ತಿರುತ್ತಾನೆ. ಲೋಟ ಇಟ್ಟಿದ್ದ ಜಾಗದಲ್ಲಿ ಅವಳು ಸೂಜಿಯನ್ನೂ ಇಡುತ್ತಿರಲಿಲ್ಲ. ಗಿರಾಕಿಗಳು ಚೀಲ ಇಟ್ಟರೆ ಎತ್ತಿಸುತ್ತಿದ್ದಳು. ಮಂಚ ಕಿರ್ರೆಂದರೆ, ಪಕ್ಕದ ಮನೆಯ ಬಾಗಿಲು ಬಿಸಿಲಿಗೆ ಚಟ್ಟೆಂದರೆ, ಅವಳ ಎದೆ ಧಸಕ್ಕೆನ್ನುತ್ತಿತ್ತು.

ಹೀಗಿರುವಾಗ ಊರಿನ ಕಟ್ಟಡ ಕಲೆಯ ಶಾಲೆಯಿಂದ ಇಪ್ಪತ್ತು ಮುಂಗವಸು, ಅಂದರೆ ಏಪ್ರನ್ನು, ಹೊಲಿಯುವ ಕೆಲಸ ಬಂತು, ಎದೆಯ ಮೇಲೆ ಎರಡು ಜೇಬು, ಒಂದು ಪೆನ್ಸಿಲ್ಲಿಗೆ, ಒಂದು ಉಳಿಗೆ. ಕೊಡಲು ಹೋದವಳು ಕಾರ್ಯಾಗಾರದ ಬಾಗಿಲಲ್ಲೇ ನಿಂತುಬಿಟ್ಟಳು. ಉದ್ದದ ಮೇಜುಗಳ ಮೇಲೆ ಸೇತುವೆಗಳು, ಮಾಡುಗಳು, ಗೋಪುರಗಳು, ಎಲ್ಲ ಮರದ ಕಡ್ಡಿಯವು, ಮೊಣಕೈ ಎತ್ತರದವು. ಒಬ್ಬಳು ಹುಡುಗಿ ತನ್ನ ಸೇತುವೆಯ ಮೇಲೆ ಒಂದೊಂದೇ ಇಟ್ಟಿಗೆ ಇಡುತ್ತಿದ್ದಳು. ನಾಲ್ಕನೆಯದಕ್ಕೆ ಸೇತುವೆ ಮುರಿಯಿತು. ಹುಡುಗಿ ಅಳಲಿಲ್ಲ, ಬಗ್ಗಿ, ಎಲ್ಲಿ ಮುರಿಯಿತು ಎಂದು ನೋಡಿ, ಪುಸ್ತಕದಲ್ಲಿ ಬರೆದುಕೊಂಡಳು.

ಮುರಿದದ್ದನ್ನು ಹೀಗೂ ನೋಡಬಹುದೇ?

ಅಲ್ಲಿ ಕಲಿಸುವವರು ಒಬ್ಬ ವಯಸ್ಸಾದ ಮೇಷ್ಟ್ರು. ಮರದ ಪಟ್ಟಿ ನೆಟ್ಟಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿ ನೋಡಿ ಆ ಕಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಹುಡುಗರು ಹಿಂದಿನಿಂದ ಅರೆಗಣ್ಣು ಮೇಷ್ಟ್ರು ಎನ್ನುತ್ತಿದ್ದರು, ಅವರಿಗೂ ಅದು ಗೊತ್ತಿತ್ತು.

"ಶನಿವಾರ ಮಧ್ಯಾಹ್ನದ ತರಗತಿಗೆ ಯಾರು ಬೇಕಾದ್ರೂ ಸೇರಬಹುದಂತಲ್ಲ ಸಾರ್, ಬೋರ್ಡು ಹಾಕಿದೀರಿ. ನಾನು ಬರಬಹುದಾ?"

"ಬನ್ನಿ. ಬಟ್ಟೆ ಕತ್ತರಿಸೋರಿಗೆ ಮರ ಏನು ಮಹಾ? ಎರಡಕ್ಕೂ ಎಳೆ ಇದೆ. ಎಳೆ ನೋಡದೆ ಕತ್ತರಿಸಿದ್ರೆ ಎರಡೂ ಕೈಕೊಡ್ತವೆ."

ಸೇರಿದಳು. ಮನೆಯಲ್ಲಿ ಅತ್ತೆ ಹಣೆ ಚಚ್ಚಿಕೊಂಡಳು. ಅತ್ತೆ ಮಾತಿನ ಮಲ್ಲಿ. ಮಗನ ವಿಷಯ ಯಾರಾದರೂ ಎತ್ತಿದರೆ ಬೀದಿಯಲ್ಲೇ ನೀರಿಳಿಸುತ್ತಿದ್ದಳು. "ನಲವತ್ತಾರು ವರ್ಷಕ್ಕೆ ಪಾಟಿಚೀಲ ಹೊತ್ಕೊಂಡು ಹೊರಟ್ಳು ನೋಡ್ರಪ್ಪಾ! ನನಗೂ ಒಂದು ಚೀಲ ಹೊಲಿ, ನಾನೂ ಬರ್ತೀನಿ. ಮಗ್ಗಿ ಇನ್ನೂ ಮರೆತಿಲ್ಲ."

"ಬನ್ನಿ ಅತ್ತೆ, ಕೊನೇ ಬೆಂಚಲ್ಲಿ ಕೂರಿಸ್ತೀನಿ" ಎಂದಳು ಸೊಸೆ. ಯಾಕೆ ಹೋಗುತ್ತಿದ್ದೇನೆಂದು ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ.

ಮೊದಲ ವಾರ ಹನ್ನೆರಡು ಕಡ್ಡಿ ಕೊಟ್ಟು, ಇಷ್ಟರಲ್ಲಿ ಒಂದು ಇಟ್ಟಿಗೆ ಹೊರುವ ಪೀಠ ಮಾಡಿ ಎಂದರು. ಟೈಲರಮ್ಮ ಚೊಕ್ಕವಾದ ಚೌಕದ ಪೆಟ್ಟಿಗೆ ಕಟ್ಟಿದಳು. ಇಟ್ಟಿಗೆ ಇಟ್ಟೊಡನೆ ಅದು ಒಂದು ಮಗ್ಗುಲಿಗೆ ವಾಲಿ ಮಲಗಿಬಿಟ್ಟಿತು. ಪಕ್ಕದ ಹುಡುಗ "ಆಂಟಿ, ನಿಮ್ಮ ಪೀಠಕ್ಕೆ ನಿದ್ದೆ ಬಂತು" ಎಂದ. ಎರಡನೆಯ ಸಲ ಮೂಲೆಯಿಂದ ಮೂಲೆಗೆ ಓರೆಯಾಗಿ ಕಡ್ಡಿ ಕೊಟ್ಟಳು. ಇಟ್ಟಿಗೆ ಕೂತಿತು, ಮೇಲೆ ಇನ್ನೊಂದು ಇಟ್ಟರೂ ಕೂತಿತು. ಆಗ ಆದ ಖುಷಿಗೆ ಅವಳಿಗೇ ನಾಚಿಕೆಯಾಯಿತು.

ಮೇಷ್ಟ್ರು ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆದವರಲ್ಲ. ಮುರಿದ ಕುರ್ಚಿ, ಸಾಮಾನು ಬಂದ ಪೆಟ್ಟಿಗೆ, ಕಿತ್ತುಹಾಕಿದ ಕಿಟಕಿ, ಇವನ್ನೆಲ್ಲ ರಾಶಿ ಹಾಕಿ, ಹೊಸ ಮರ ಕೇಳುವ ಮುಂಚೆ ಇದರಲ್ಲಿ ಹುಡುಕಿ ಎನ್ನುತ್ತಿದ್ದರು. ಬೇಕಾದಷ್ಟೇ ಬಳಸಿ, ಸಣ್ಣ ತುಂಡುಗಳಿಂದ ದೊಡ್ಡದು ಕಟ್ಟಿ, ನಾಳೆ ಯಾರಾದರೂ ಬಿಚ್ಚಿ ಇನ್ನೊಂದು ಕಡೆ ಕಟ್ಟಿಕೊಳ್ಳುವ ಹಾಗೆ ಜೋಡಿಸಿ ಎನ್ನುತ್ತಿದ್ದರು. ಟೈಲರಮ್ಮನಿಗೆ ಇದು ಹೊಸದೇನಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳು ಅಂಚು ಬಿಟ್ಟು ಹೊಲಿಯುವವಳು ಅವಳು. ಅಂಟು ಮಾತ್ರ ಮೇಷ್ಟ್ರಿಗೆ ಆಗದು. "ಅಂಟು ಹಚ್ಚಿದ್ರೆ ಮಾದರಿ ನಿಮಗೆ ಸುಳ್ಳು ಹೇಳುತ್ತೆ. ದೊಡ್ಡ ಮರದಲ್ಲಿ ಅಷ್ಟು ಅಂಟು ಇರಲ್ಲ."

ಆರನೆಯ ವಾರ ಪ್ರತಿಯೊಬ್ಬರೂ ಒಂದು ಕಟ್ಟಡ ಆರಿಸಿಕೊಂಡು ಹತ್ತರಲ್ಲೊಂದು ಅಳತೆಯಲ್ಲಿ ಮಾಡಬೇಕೆಂದರು. ಅವರವರಿಗೆ ಬೇಕಾದದ್ದನ್ನು ಹೇಳಿದರು, ಬಸ್ ನಿಲ್ದಾಣ, ಕೋಳಿಗೂಡು, ನದಿಯ ಕಾಲುಸೇತುವೆ. ಟೈಲರಮ್ಮನ ಸರದಿ ಬಂತು.

"ಗ್ರಂಥಾಲಯದ ಓದುಕೋಣೆ."

ಮೇಷ್ಟ್ರ ಅರೆಗಣ್ಣು ಪೂರ್ತಿ ತೆರೆಯಿತು. "ಬಿದ್ದಿತ್ತಲ್ಲ, ಅದಾ?"

"ಹೂಂ. ಅದೇ. ನಡುವಿನ ತೊಲೆ ಒಂದನ್ನ ಎರಡು ಥರ ಮಾಡಿ ನೋಡ್ತೀನಿ. ತೂತು ಮೇಲಿರೋದು ಒಂದು, ಕೆಳಗಿರೋದು ಒಂದು."

ಅವಳು ಯಾರ ಹೆಂಡತಿ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ. ಬೀರುವಿನಿಂದ ಹಳೆಯ ನಕ್ಷೆಯ ಪ್ರತಿ ಹುಡುಕಿ ಕೊಟ್ಟರು, ಅಷ್ಟೇ.

ಕುರ್ಚಿಯ ಕಾಲುಗಳನ್ನು ಸೀಳಿ ತೊಲೆ ಮಾಡಿದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮರದ ಹೊಟ್ಟು ತುಂಬಿತು, ಗಿರಾಕಿಗಳ ರವಿಕೆಯ ಮೇಲೂ ಬಿತ್ತು. ಮಾಡಿನ ಹೆಂಚಿನ ಭಾರಕ್ಕೆ ಬದಲಾಗಿ ಮೂವತ್ತು ಪುಟ್ಟ ಚೀಲ ಹೊಲಿದು, ತಕ್ಕಡಿ ನೋಡಿ ಮರಳು ತುಂಬಿ, ಬಾಯಿ ಹೊಲಿದಳು. ಗಂಡನ ಉಳಿಯನ್ನೇ ಹೊರತೆಗೆದಿದ್ದಳು; ಅದರ ಹಿಡಿಯ ಮೇಲೆ ಅವನ ಹೆಬ್ಬೆರಳು ಕೂರುತ್ತಿದ್ದ ತಗ್ಗಿತ್ತು, ಅಲ್ಲಿ ಅವಳ ಹೆಬ್ಬೆರಳೂ ಹೋಗಿ ಕೂತಿತು. ಆ ದಿನಗಳಲ್ಲಿ ಅವನು ಹತ್ತು ಗಂಟೆಗೆ ಬಂದವನು ಸಂಜೆಯವರೆಗೂ ನಿಂತೇ ಇರುತ್ತಿದ್ದ. "ಅಲ್ಲಿ ಸರೀನಾ?" ಎಂದು ಅವಳು ಕೇಳಿಯೂ ಬಿಟ್ಟಳು ಒಂದು ದಿನ. ಒಳಗಿನಿಂದ ಅತ್ತೆ, "ಯಾರ ಹತ್ರ ಮಾತಾಡ್ತಿದೀಯೇ?" ಎಂದಳು. "ಯಾರೂ ಇಲ್ಲ ಅತ್ತೆ" ಎಂದಳು ಇವಳು.

ಎಂಟನೆಯ ಶನಿವಾರ ಎಲ್ಲರ ಮುಂದೆ ಪರೀಕ್ಷೆ. ತೂತು ಮೇಲಿದ್ದ ತೊಲೆಯ ಮೇಲೆ ಮೂವತ್ತು ಚೀಲ ಇಟ್ಟರು, ಹೊತ್ತಿತು. ಆಮೇಲೆ ತೂತು ಕೆಳಗಿದ್ದದ್ದು. ಹತ್ತು. ಹದಿನೈದು. ಇಪ್ಪತ್ತು. ಇಪ್ಪತ್ತೈದು. ಮೂವತ್ತನೆಯದನ್ನು ಇಟ್ಟು ಕೈ ಹಿಂದಕ್ಕೆ ತೆಗೆದಳು. ತೊಲೆ ಕಮಕ್ ಕಿಮಕ್ ಎನ್ನಲಿಲ್ಲ.

ಎರಡೂ ನಿಂತವು. ಹಾಗಾದರೆ ತೂತಿನದೇನೂ ತಪ್ಪಿಲ್ಲ. ಗಂಡ ಹೆದರಿದ್ದು ಸುಳ್ಳಿಗೆ. ಬಿದ್ದದ್ದು ಅವನ ಕೆಲಸದ ಲೋಪದಿಂದ, ಇವಳ ಮಾತಿನಿಂದಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳ ಮೈ ಹತ್ತಿಯಂತೆ ಹಗುರವಾಗಿತ್ತು, ಮತ್ತು ಅದಕ್ಕೆ ತನ್ನನ್ನು ತಾನೇ ಥೂ ಎಂದುಕೊಂಡಳು. ಆದರೂ ಹಗುರವೇನೂ ಕಮ್ಮಿಯಾಗಲಿಲ್ಲ. ಆ ವಾರ ಅವಳು ಹೊಟ್ಟೆ ತುಂಬ ಉಂಡಳು, ಕಣ್ಣು ತುಂಬ ನಿದ್ದೆ ಮಾಡಿದಳು. ಮೆಷಿನ್ನಿನ ಎಡಬದಿಗೆ ದಾರದ ಡಬ್ಬಿ ಇಟ್ಟಳು. "ನಿಮ್ಮ ತಪ್ಪಿಗೆ ಎಂಟು ವರ್ಷ ನಾನ್ಯಾಕ್ರೀ ಸತ್ತೆ?" ಎಂದು ಮನಸ್ಸಿನಲ್ಲೇ ಜಗಳ ತೆಗೆದಳು. ಹತ್ತು ಗಂಟೆಯಾಯಿತು, ಬಿಸಿಲು ಹೊಸ್ತಿಲು ದಾಟಿತು, ಯಾರೂ ಬಂದು ನಿಲ್ಲಲಿಲ್ಲ. ಮರುದಿನವೂ ಇಲ್ಲ. ಎಂಟು ವರ್ಷ ಕಾಡಿದವನು ಹೀಗೆ ಹೇಳದೆ ಕೇಳದೆ ಹೋಗಿಬಿಡುವುದೇ? ನಾಲ್ಕನೆಯ ದಿನದ ಹೊತ್ತಿಗೆ ಅವಳು ಹೊಲಿಯುತ್ತ ಹೊಲಿಯುತ್ತ ಅಳತೊಡಗಿದ್ದಳು. ಅವನನ್ನು ಎರಡನೆಯ ಸಲ ಕಳೆದುಕೊಂಡಂತಿತ್ತು, ಈ ಸಲ ಅಪರಾಧಿಯನ್ನಾಗಿ ಮಾಡಿ.

ಮುಂದಿನ ಶನಿವಾರ ಮೇಷ್ಟ್ರು ಅವಳ ಮಾದರಿಯನ್ನು ತಲೆಕೆಳಗು ಮಾಡಿ, ಅರೆಗಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು.

"ಅಮ್ಮಾ, ಈ ಕೆಳಗಿನ ತೂತಿಗೆ ಏನು ತುಂಬಿದೀರಿ?"

"ಬೆಣೆ ಸಾರ್."

"ಅಂಟು ಹಚ್ಚಿ?"

ಅವಳು ನೋಡಿದಳು. ಹೌದು, ತುಂಬಿದ್ದಳು. ತೂತಿಗೆ ಸರಿಯಾಗಿ ಚೂರು ಕತ್ತರಿಸಿ, ಅಂಟು ಸವರಿ, ಕೂರಿಸಿ, ಮೇಲೆ ಉಜ್ಜಿ, ಬೆರಳಾಡಿಸಿದರೂ ಗೊತ್ತಾಗದಂತೆ ನಯ ಮಾಡಿದ್ದಳು. ಮೇಲಿನ ತೂತಿಗೆ ಅಂಟಿಲ್ಲದೆ ಬರೀ ಬೆಣೆ ಬಡಿದವಳು ಇದಕ್ಕೆ ಮಾತ್ರ ಅಂಟು ಹಚ್ಚಿದ್ದಳು. ಯಾವಾಗ ಮಾಡಿದೆ ಎಂದು ನೆನಪೇ ಇರಲಿಲ್ಲ. ಹರಿದ ಬಟ್ಟೆ ಕಂಡರೆ ರಫು ಮಾಡುವ ಕೈ, ಅಭ್ಯಾಸದಿಂದ ಮಾಡಿರಬೇಕು.

"ನಕ್ಷೆಯಲ್ಲಿ ಬರಿದಾಗಿಯೇ ಇರಲಿ ಅಂತ ಬರೆದಿದೆ. ಆ ಕೋಣೇಲಿ ತುಂಬಿದ್ರಾ?"

ತುಂಬಿರಲಿಲ್ಲ. ಅವಳು ಕಣ್ಣಾರೆ ಕಂಡಿದ್ದಳು. ಬೀಳುವ ಮೂರು ದಿನದ ಮುಂಚೆ ಗಂಡನಿಗೆ ಊಟ ಕೊಡಲು ಹೋದಾಗ ತಲೆಯೆತ್ತಿ ನೋಡಿದ್ದಳು, ತೊಲೆಯ ಹೊಟ್ಟೆಯಲ್ಲಿ ಕಪ್ಪಗೆ, ಬಾಯಿ ತೆರೆದುಕೊಂಡಿತ್ತು ಅದು. ಅಭ್ಯಾಸವಂತೆ, ಅಭ್ಯಾಸ! ಎರಡು ತೊಲೆಗೂ ತೂತು ಕೊರೆದವಳು ಅದೊಂದನ್ನೇ ಯಾಕೆ ಅಂಟು ಹಚ್ಚಿ ಮುಚ್ಚಿದಳು? ಅವಳ ಕೈ ಅವಳನ್ನೇ ಕೇಳದೆ ಅವಳ ಪರವಾಗಿ ವಕಾಲತ್ತು ವಹಿಸಿತ್ತು. ಮಾದರಿಯನ್ನು ಮೇಷ್ಟ್ರ ಕೈಯಿಂದ ತೆಗೆದುಕೊಂಡಳು.

"ಇನ್ನೊಂದು ಮಾಡ್ತೀನಿ ಸಾರ್" ಎಂದಳು.

ಹಾಗೆ ಹೇಳಿದ್ದೇನೋ ಹೌದು, ಮಾಡಬೇಕಲ್ಲ? ಗುರುವಾರದವರೆಗೂ ಉಳಿ ಮುಟ್ಟಲಿಲ್ಲ. ಜ್ವರವೆಂದು ಹೇಳಿ ತರಗತಿ ಬಿಟ್ಟುಬಿಡಬಹುದಿತ್ತು, ಯಾರೂ ಬಂದು ಎಳೆದೊಯ್ಯುತ್ತಿರಲಿಲ್ಲ. ಪರೀಕ್ಷೆಯ ಫಲ ಅವಳಿಗೆ ಆಗಲೇ ಗೊತ್ತಿತ್ತು, ಅವಳ ಕಸುಬೇ ಹೇಳಿತ್ತು. ಬಿಗಿಯಾಗಿ ಎಳೆದ ಬಟ್ಟೆಯ ಅಂಚಿಗೆ ಕತ್ತರಿಯ ತುದಿ ತಾಗಿದರೆ ಪರ್ರೆಂದು ಹರಿಯುತ್ತದೆ. ನೆರಿಗೆ ಹಿಡಿದ ಕಡೆ ಕತ್ತರಿ ತಾಗಿದರೆ ಏನೂ ಆಗದು. ಭಾರ ಹೊತ್ತು ಬಗ್ಗಿದ ತೊಲೆಯ ಮೇಲ್ಮೈ ನೆರಿಗೆಯ ಕಡೆ, ಕೆಳಮೈ ಎಳೆದ ಕಡೆ. ಇಷ್ಟನ್ನು ಅವನು ಅಂದು ಬಟ್ಟೆಯ ಭಾಷೆಯಲ್ಲಿ ಹೇಳಿದ್ದರೆ ಅವಳಿಗೆ ಅರ್ಥವಾಗುತ್ತಿತ್ತೋ ಏನೋ. ಅವನು ಹೇಳಲು ನಿಂತಿದ್ದ, ಅವಳು ಪೆಡಲು ನಿಲ್ಲಿಸಿರಲಿಲ್ಲ. ಗುರುವಾರ ದಾರದ ಡಬ್ಬಿಯನ್ನು ಎಡಬದಿಯಿಂದ ತೆಗೆದು, ಕೆಲಸಕ್ಕೆ ಕೂತಳು.

ಹತ್ತನೆಯ ಶನಿವಾರ ಅವಳೇ ಚೀಲ ಇಟ್ಟಳು, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹನ್ನೊಂದನೆಯ ಚೀಲಕ್ಕೆ ಸಣ್ಣದೊಂದು ಸದ್ದು ಬಂತು. ಹನ್ನೆರಡನೆಯದನ್ನು ಇಡುವ ಮೊದಲೇ ತೂತಿನ ಮೂಲೆಯಿಂದ ಬಿರುಕು ಮೇಲಕ್ಕೆ ಓಡಿ, ತೊಲೆ ಎರಡಾಗಿ, ಚೀಲಗಳೆಲ್ಲ ಧೊಪಧೊಪನೆ ಬಿದ್ದವು. ಹುಡುಗರು ಓ ಎಂದರು. ಟೈಲರಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಎಡಬದಿಯಲ್ಲಿ ಅವನಿದ್ದ.

ಎಲ್ಲರೂ ಹೋದ ಮೇಲೆ ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. "ನಾನು ಬರೆದು ಸಹಿ ಹಾಕಿ ಕೊಡ್ತೀನಿ. ಗ್ರಂಥಾಲಯದವರು ಆ ಸಾಲನ್ನ ತಿದ್ದಲೇಬೇಕು. ಆದ್ರೆ ಒಂದು ಮಾತು ಕೇಳ್ತಾರಮ್ಮ, ಈಗಲೇ ನಾನೇ ಕೇಳ್ಬಿಡ್ತೀನಿ. ಬಡಗಿಗೆ ಇದು ಗೊತ್ತಿರ್ಲಿಲ್ವಾ? ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?"

"ಮನೆಗೆ ಹೋಗಿ ಬಂದು ಹೇಳ್ತೀನಿ ಸಾರ್" ಎಂದಳು. ಮೇಷ್ಟ್ರಿಗೆ ಅದು ವಿಚಿತ್ರ ಉತ್ತರವೆನಿಸಿರಬೇಕು.

ಮುರಿದ ತೊಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅತ್ತೆ ಜಗಲಿಯ ಮೇಲೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಸೊಸೆಯ ಮುಖ ನೋಡಿ, "ಏನೇ, ಫೇಲಾದ್ಯಾ?" ಎಂದಳು.

ಟೈಲರಮ್ಮ ತೊಲೆಯ ಎರಡು ತುಂಡುಗಳನ್ನು ಅವಳ ಮುಂದೆ ಇಟ್ಟಳು. "ಅತ್ತೆ, ನಿಮ್ಮ ಮಗನ ತಪ್ಪಲ್ಲ. ತೂತು ಕೆಳಗಿದ್ದಿದ್ದಕ್ಕೇ ಮುರೀತು. ಅವರಿಗೆ ಗೊತ್ತಿತ್ತು. ಒಂಬತ್ತು ದಿನ ಮುಂಚೆ ನನ್ನ ಹತ್ರ ಬಂದು ಹೇಳಿದ್ರು, ತಿರುಗಿಸ್ಬೇಕು, ಇಲ್ಲಾಂದ್ರೆ ಕೆಲಸ ಬಿಡ್ತೀನಿ ಅಂತ. ನಾನು... ನಾನೇ ಅತ್ತೆ, ಸುಮ್ನಿರಿ ಅಂದೆ. ನಿಮ್ಮ ಮಗನ್ನ ನಾನೇ ಕಳಿಸಿದ್ದು."

ಎಂಟು ವರ್ಷದ ಮಾತು ಮೂರು ಉಸಿರಲ್ಲಿ ಮುಗಿದುಹೋಯಿತು. ಅವಳು ಬೈಗುಳಕ್ಕೆ ಕಾದಳು. ಹೊಡೆದರೂ ಹೊಡೆಸಿಕೊಳ್ಳಲು ಸಿದ್ಧವಾಗಿದ್ದಳು. ಅತ್ತೆ ಕೈಯಲ್ಲಿದ್ದ ಗುಂಡಿಗಳನ್ನು ಡಬ್ಬಿಗೆ ಸುರಿದಳು.

"ಯಾವತ್ತು ಹೇಳಿದ ನಿನಗೆ?"

"ಸೋಮವಾರ ಬೆಳಿಗ್ಗೆ."

"ನನಗೆ ಭಾನುವಾರ ಹೇಳಿದ" ಎಂದಳು ಅತ್ತೆ. "ಇದೇ ಜಗಲಿ ಮೇಲೆ. ಅಮ್ಮಾ, ಒಂದು ತೊಲೆ ವಿಷಯ ಮನಸ್ಸಿಗೆ ಸರಿ ಹೋಗ್ತಿಲ್ಲ, ಏನು ಮಾಡ್ಲಿ ಅಂದ. ದೊಡ್ಡೋರನ್ನ ಎದುರು ಹಾಕ್ಕೋಬೇಡ, ತಲೆ ತಗ್ಗಿಸ್ಕೊಂಡು ಕೆಲಸ ಮಾಡು ಮಗಾ ಅಂದೆ. ಎಂಟು ವರ್ಷದಿಂದ ಬೀದೀಲಿ ನಿಂತು ಬೊಬ್ಬೆ ಹೊಡೀತೀನಲ್ಲ, ನನ್ನ ಮಗನ ಕೈ ತಪ್ಪೋದಿಲ್ಲ ಅಂತ, ಯಾಕೆ ಅಂದ್ಕೊಂಡೆ? ನನಗೆ ಗೊತ್ತಿತ್ತು ಕಣೇ."

ಟೈಲರಮ್ಮ ಜಗಲಿಯ ಅಂಚಿಗೆ ಕೂತಳು. ಭಾರ ಇಬ್ಬರಿಗೆ ಹಂಚಿ ಹಗುರಾಗಬೇಕಿತ್ತು, ಆಗಲಿಲ್ಲ. ಅವನು ಅಮ್ಮನ ಹತ್ತಿರ ಹೋಗಿದ್ದ, ಅಲ್ಲಿ ಒತ್ತಾಸೆ ಸಿಗದ್ದಕ್ಕೆ ಹೆಂಡತಿಯ ಹತ್ತಿರ ಬಂದಿದ್ದ. ಒಂದೇ ಮನೆಯಲ್ಲಿ ಎರಡು ಕಡೆ ಕೇಳಿ, ಎರಡು ಕಡೆಯೂ ಒಂದೇ ಮಾತು ಕೇಳಿಸಿಕೊಂಡು, ಪೆನ್ಸಿಲ್ಲು ಸಿಕ್ಕಿಸಿಕೊಂಡು ಹೋಗಿದ್ದ. ಅತ್ತೆ ಬಿಕ್ಕುತ್ತಿದ್ದಳು. ಸೊಸೆ ಅವಳ ಬೆನ್ನ ಮೇಲೆ ಕೈಯಿಟ್ಟಳು, ಸಮಾಧಾನಕ್ಕೆಂದು ಬಾಯಿಗೆ ಬಂದ ಮಾತನ್ನು ಆಗಲೂ ಆಡಲಿಲ್ಲ.

"ಏಳಿ ಅತ್ತೆ. ಎದುರುಮನೆಗೆ ಹೋಗಿ ಹೇಳೋಣ. ಮೇಷ್ಟ್ರಿಗೆ ಆಮೇಲೆ. ಮೊದಲು ಅವಳಿಗೆ ಹೇಳ್ಬೇಕು, ನಿಮ್ಮ ಮಗನ ಕೈ ತಪ್ಪಿರ್ಲಿಲ್ಲ ಅಂತ."

ಬೀದಿ ದಾಟಲು ಹನ್ನೆರಡು ಹೆಜ್ಜೆ. ಎದುರುಮನೆಯವಳು ಬಾಗಿಲು ತೆರೆದು, ಇಬ್ಬರನ್ನೂ ಕಂಡು, ಒಂದು ಕೈ ಬಾಗಿಲ ಮೇಲಿಟ್ಟುಕೊಂಡೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ಟೈಲರಮ್ಮ ಹೊಸ್ತಿಲಿನಾಚೆಯೇ ನಿಂತು ಎಲ್ಲ ಹೇಳಿದಳು, ತೂತು ಯಾವ ಕಡೆಗಿರಬೇಕು, ಯಾರು ಬೇಡವೆಂದರು, ಮಾದರಿ ಹನ್ನೊಂದನೆಯ ಚೀಲಕ್ಕೆ ಹೇಗೆ ಬಿರಿಯಿತು, ಗಂಡನಿಗೆ ಹೇಗೆ ಮೊದಲೇ ಗೊತ್ತಿತ್ತು, ತಾನೇನು ಹೇಳಿದೆ. ಅತ್ತೆ ತನ್ನ ಪಾಲಿನದನ್ನು ತಾನು ಹೇಳಿದಳು. ಎದುರುಮನೆಯವಳು ತುಂಡುಗಳನ್ನು ಕೈಯಲ್ಲಿ ಹಿಡಿದು, ಮುರಿದ ಜಾಗವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಂಟು ವರ್ಷದಲ್ಲಿ ಮೊದಲ ಸಲ ಟೈಲರಮ್ಮನ ಮುಖ ನೋಡಿದಳು.

"ನಿಮ್ಮನೆಯವರಿಗೆ ಗೊತ್ತಿತ್ತು. ನಿಮ್ಮತ್ತೆಗೆ ಹೇಳಿದ್ರು. ನಿಮಗೆ ಹೇಳಿದ್ರು." ದನಿ ಏರಿರಲಿಲ್ಲ. "ನಮ್ಮನೆಯವರು ದಿನಾ ಅದರ ಕೆಳಗೇ ನಿಂತಿರ್ತಿದ್ರಲ್ಲ. ಅವರಿಗೆ ನೀವು ಯಾರೂ ಒಂದು ಮಾತು ಹೇಳ್ಲಿಲ್ವಾ?"

ಅತ್ತೆ ಸೊಸೆಯ ಕೈ ಹುಡುಕಿ ಹಿಡಿದುಕೊಂಡಳು.

"ಇಲ್ಲ" ಎಂದಳು ಟೈಲರಮ್ಮ.